ಅಡಿಗೆಮನೆಯ ವಿದ್ಯುತ್ತು

ನಮ್ಮ ತಾಳಗುಪ್ಪಕ್ಕೆ ನೆರೆಯಾದ ಜೋಗದಲ್ಲಿ ವಿದ್ಯುದಾಗಾರ ಆರಂಭವಾದದ್ದು 1948ರಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಅದರ ಹಿನ್ನೀರಿನಲ್ಲಿ ಶರಾವತಿ ಕಣಿವೆಯ ಎಷ್ಟೋ ಮನೆಗಳ ಒಲೆಗಳು ಮುಳುಗಿದವು. ವಿದ್ಯುತ್ತಾದರೋ ದೂರದ ಪಟ್ಟಣಗಳತ್ತ ಹರಿಯಿತು. ನಮ್ಮ ಒರಳು ಆಮೇಲೂ ಬಹುಕಾಲ ಕೈಯಿಂದಲೇ ತಿರುಗಿತು.

ಈಗ ಊರಿನಲ್ಲಿ 400 ಕಿಲೋವೋಲ್ಟಿನ ವಿದ್ಯುತ್ ಕೇಂದ್ರವೇ ಇದೆ. ಆದರೂ ಆಷಾಢದ ಗಾಳಿಗೆ ತಂತಿಯ ಮೇಲೆ ಮರ ಬಿದ್ದಿತೆಂದರೆ, ತಂಬುಳಿಗೆ ಕಾಯಿ ಅರೆಯಲು ಇನ್ವರ್ಟರೇ ಗತಿ! ಬ್ಯಾಟರಿಯ 12 ವೋಲ್ಟಿನ ನೇರ ವಿದ್ಯುತ್ತನ್ನು ಅದು 230 ವೋಲ್ಟಿನ ಪರ್ಯಾಯ ವಿದ್ಯುತ್ತಾಗಿ ಮಾರ್ಪಡಿಸುತ್ತದೆ. 500 ವಾಟಿನ ಮಿಕ್ಸಿಯೊಂದು ಬ್ಯಾಟರಿಯಿಂದ 40 ಆಂಪಿಯರಿಗೂ ಮಿಕ್ಕಿ ಎಳೆಯುತ್ತದೆ. ತಿರುಗಲು ತೊಡಗುವ ಗಳಿಗೆಯಲ್ಲಂತೂ ಇನ್ನೂ ಹೆಚ್ಚು. ಆದುದರಿಂದ ಆಗ ಒಂದು ದೀಪ ಉಳಿಸಿ ಮಿಕ್ಕುದನ್ನೆಲ್ಲ ಆರಿಸುವುದು ನಮ್ಮ ಮನೆಯ ವಾಡಿಕೆ. ನೆಂಟರು ಬಂದ ದಿನ ಅತ್ತಿಗೆ ಇನ್ವರ್ಟರನ್ನು ನಂಬುವುದಿಲ್ಲ, ಒರಳನ್ನೇ ತೊಳೆದಿಡುತ್ತಾರೆ.