ಹಗಲು ಕಾರ್ಖಾನೆ, ರಾತ್ರಿ ಹಾಡು: ಷಿಕಾಗೋದ ಬ್ಲೂಸ್ ಕಲಾವಿದರು

ಇತಿಹಾಸವೆಂದರೆ ರಾಜರ, ಯುದ್ಧಗಳ ಕಥೆ ಮಾತ್ರವಲ್ಲ. ಹೊಟ್ಟೆಪಾಡಿಗಾಗಿ ಊರು ಬಿಟ್ಟವರ ಕಥೆಯೂ ಇತಿಹಾಸವೇ. ಅಮೆರಿಕದ ಷಿಕಾಗೋ ನಗರದ ಬ್ಲೂಸ್ ಸಂಗೀತದ ಹಿಂದೆ ಅಂಥದೊಂದು ಕಥೆಯಿದೆ.

ಬ್ಲೂಸ್ ಹುಟ್ಟಿದ್ದು ಅಮೆರಿಕದ ದಕ್ಷಿಣ ಭಾಗದಲ್ಲಿ, ಕಪ್ಪು ಜನರ ನಡುವೆ. 1865ರಲ್ಲಿ ಗುಲಾಮಗಿರಿ ರದ್ದಾದರೂ ಅವರಲ್ಲಿ ಬಹುಪಾಲು ಜನ ಭೂಮಾಲೀಕರ ಹತ್ತಿ ಹೊಲಗಳಲ್ಲಿ ಪಾಲಿಗೆ ದುಡಿದು, ಸಾಲ ತೀರಿಸುವುದರಲ್ಲೇ ಸವೆಯುತ್ತಿದ್ದರು. ಜೊತೆಗೆ ಬೇರೆ ಶಾಲೆ, ಬೇರೆ ರೈಲು ಡಬ್ಬಿಯ ಅವಮಾನ. 1910ರಿಂದ 1970ರ ನಡುವೆ ಸುಮಾರು 60 ಲಕ್ಷ ಜನ ದಕ್ಷಿಣ ಬಿಟ್ಟು ಬೇರೆ ನಗರಗಳಿಗೆ ಹೋದರು. ಮಿಸಿಸಿಪ್ಪಿಯ ಅನೇಕರು ರೈಲು ಹತ್ತಿ ಷಿಕಾಗೋದಲ್ಲಿ ಇಳಿದರು.

1943ರಲ್ಲಿ ಹಾಗೆ ಬಂದವರು ಮಡ್ಡಿ ವಾಟರ್ಸ್. ಊರಿನಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ ಅವರು ಇಲ್ಲಿ ಹಗಲು ಕಾಗದದ ಕಾರ್ಖಾನೆಯಲ್ಲಿ ದುಡಿದರು, ಲಾರಿ ಓಡಿಸಿದರು. ರಾತ್ರಿ ಸಣ್ಣ ಕ್ಲಬ್ಬುಗಳಲ್ಲಿ ಹಾಡಿದರು. ಕುಡಿಯುವವರ, ಕುಣಿಯುವವರ ಗದ್ದಲದಲ್ಲಿ ಸಾದಾ ಗಿಟಾರ್ ಯಾರಿಗೂ ಕೇಳಿಸುತ್ತಿರಲಿಲ್ಲ. ಆದ್ದರಿಂದ ಎಲೆಕ್ಟ್ರಿಕ್ ಗಿಟಾರ್ ಹಿಡಿದರು. ಅವರ ತಂಡದ ಲಿಟಲ್ ವಾಲ್ಟರ್ ಮೈಕನ್ನು ಅಂಗೈಯಲ್ಲೇ ಹಿಡಿದು ಹಾರ್ಮೋನಿಕಾ ಊದಿದರು. ನಗರದ ಬ್ಲೂಸ್‌ಗೆ ಹೊಸ ದನಿ ಕೊಟ್ಟಿದ್ದು ಈ ಗದ್ದಲವೇ.

ಥೆರೆಸಾ ನೀಧಮ್ ಎಂಬ ಮಹಿಳೆ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ನಡೆಸುತ್ತಿದ್ದ ಕ್ಲಬ್ಬಿನಲ್ಲಿ ಜೂನಿಯರ್ ವೆಲ್ಸ್, ಬಡ್ಡಿ ಗೈ ನುಡಿಸುತ್ತಿದ್ದರು. ಕೇಳಲು ಬರುತ್ತಿದ್ದವರು ಹೆಚ್ಚಾಗಿ ಅದೇ ಬೀದಿಗಳ ದುಡಿಯುವ ಜನ. ಭಾನುವಾರ ಮ್ಯಾಕ್ಸ್‌ವೆಲ್ ಬೀದಿಯ ಸಂತೆಯಲ್ಲಿ ಕಲಾವಿದರು ಪಕ್ಕದ ಮನೆಗಳಿಂದ ಕರೆಂಟಿನ ತಂತಿ ಎಳೆದುಕೊಂಡು ನುಡಿಸಿ, ಡಬ್ಬಿಗೆ ಬಿದ್ದ ಚಿಲ್ಲರೆ ಎಣಿಸಿಕೊಳ್ಳುತ್ತಿದ್ದರು.

ಹೆಸರು ಬಂದಷ್ಟು ಹಣ ಬರಲಿಲ್ಲ. ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್ ತಂಡ ತನ್ನ ಹೆಸರನ್ನೇ ಮಡ್ಡಿ ವಾಟರ್ಸ್ ಅವರ 1950ರ ಹಾಡಿನಿಂದ ಪಡೆದು ಜಗತ್ಪ್ರಸಿದ್ಧವಾಯಿತು. ಅದೇ 1960ರ ದಶಕದಲ್ಲಿ ಬಡ್ಡಿ ಗೈ ಹಗಲು ಕೆಟ್ಟು ನಿಂತ ವಾಹನ ಎಳೆಯುವ ಟ್ರಕ್ ಓಡಿಸುತ್ತಿದ್ದರು. ತಮ್ಮ ಹಾಡುಗಳ ಗೌರವಧನಕ್ಕಾಗಿ ಮಡ್ಡಿ ವಾಟರ್ಸ್ ಮತ್ತು ಹಾಡು ಬರೆಯುತ್ತಿದ್ದ ವಿಲ್ಲಿ ಡಿಕ್ಸನ್ 1970ರ ದಶಕದಲ್ಲಿ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು.

ಮಡ್ಡಿ ವಾಟರ್ಸ್ 1983ರಲ್ಲಿ ತೀರಿಕೊಂಡರು. ಬಳಿಕ ಷಿಕಾಗೋ ನಗರ 43ನೇ ಬೀದಿಯ ಒಂದು ಭಾಗಕ್ಕೆ ಗೌರವಾರ್ಥವಾಗಿ ಅವರ ಹೆಸರಿಟ್ಟಿತು. ಆ ಕಾಲದ ಕ್ಲಬ್ಬುಗಳು ಬಹುತೇಕ ಮುಚ್ಚಿವೆ. ಕೂಲಿ ಮಾಡಿ ದಣಿದ ಕೈಗಳು ಅಲ್ಲಿ ಕಟ್ಟಿದ ಸಂಗೀತ ಮಾತ್ರ ಇಂದಿಗೂ ಜಗತ್ತಿನೆಲ್ಲೆಡೆ ಕೇಳಿಸುತ್ತಿದೆ. ಅದನ್ನು ಕೇಳುವಾಗ ಆ ಕೈಗಳಿಗೆ ಸಲ್ಲದೆ ಉಳಿದ ಪಾಲೂ ನಮ್ಮ ನೆನಪಿನಲ್ಲಿರಲಿ.