ಪಟವರ್ಧನ್, ಆನಂದ್ (1950– )

ಭಾರತದ ಸಾಕ್ಷ್ಯಚಿತ್ರ ನಿರ್ದೇಶಕ. ಹುಟ್ಟಿದ್ದು ಮುಂಬಯಿಯಲ್ಲಿ. ಬಿಹಾರದ ಜಯಪ್ರಕಾಶ್ ನಾರಾಯಣ್ ಚಳವಳಿಯನ್ನು ಕುರಿತ ‘ಕ್ರಾಂತಿ ಕೀ ತರಂಗೇಂ’, ರಾಜಕೀಯ ಕೈದಿಗಳನ್ನು ಕುರಿತ ‘ಜಮೀರ್ ಕೇ ಬಂದೀ’ (1978), ಮುಂಬಯಿಯ ಗುಡಿಸಲುವಾಸಿಗಳ ತೆರವನ್ನು ಕುರಿತ ‘ಹಮಾರಾ ಶಹರ್’ (1985) ಇವರ ಮೊದಲ ಹಂತದ ಮುಖ್ಯ ಚಿತ್ರಗಳು. ಇವರ ಕೃತಿಗಳನ್ನು ಸಾರಾಸಗಟಾಗಿ ‘ನಿಷೇಧಿತ’ ಎನ್ನುವುದುಂಟು. ಈ ಒಂದು ಪದ ಬೇರೆ ಬೇರೆ ಅಡ್ಡಿಗಳನ್ನು ಮರೆಮಾಡುತ್ತದೆ. ‘ರಾಮ್ ಕೇ ನಾಮ್’ಗೆ (1992) ಸೆನ್ಸಾರ್ ಪ್ರಮಾಣಪತ್ರವೂ ರಾಷ್ಟ್ರಪ್ರಶಸ್ತಿಯೂ ಸಿಕ್ಕವು; ತೋರಿಸಲು ಒಪ್ಪದಿದ್ದುದು ದೂರದರ್ಶನ. ‘ಜಂಗ್ ಔರ್ ಅಮನ್’ಗೆ (2002) ಅಡ್ಡಬಂದದ್ದು ಸೆನ್ಸಾರ್ ಮಂಡಳಿಯ ಕತ್ತರಿ, ಮರುವರ್ಷ ಬಾಂಬೆ ಹೈಕೋರ್ಟು ಅದನ್ನು ಕತ್ತರಿಯಿಲ್ಲದೆ ತೋರಿಸಲು ಅವಕಾಶ ಕೊಟ್ಟಿತು. ಎಂ. ಎಂ. ಕಲಬುರ್ಗಿ, ಗೌರಿ ಲಂಕೇಶ್ ಅವರ ಹತ್ಯೆಗಳನ್ನೂ ಒಳಗೊಂಡ ‘ವಿವೇಕ್’ಗೆ (2018) 2019ರಲ್ಲಿ ಕೇರಳದ ಚಿತ್ರೋತ್ಸವದ ಬಾಗಿಲು ತೆರೆದದ್ದೂ ಹೈಕೋರ್ಟೇ.

ಕೊನೆಗೆ ಚಿತ್ರಗಳು ಜನರನ್ನು ತಲುಪಿದವಲ್ಲ, ನಷ್ಟವೇನು ಎಂದು ಕೇಳಬಹುದು. ನಷ್ಟವಾದದ್ದು ಸಮಯ. ‘ಪಿತೃ, ಪುತ್ರ ಔರ್ ಧರ್ಮಯುದ್ಧ್’ (1995) ದೂರದರ್ಶನದಲ್ಲಿ ಪ್ರಸಾರವಾಗಲೆಂದು ಸುಪ್ರೀಂ ಕೋರ್ಟು ಆದೇಶಿಸಿದ್ದು 2006ರಲ್ಲಿ. ನಡೆಯುತ್ತಿರುವ ವಿವಾದದ ನಡುವೆ ನಾಗರಿಕರು ನೋಡಲೆಂದು ಮಾಡಿದ ಚಿತ್ರ ಹನ್ನೊಂದು ವರ್ಷ ತಡವಾದರೆ ಅದು ಎಚ್ಚರಿಕೆಯಾಗಿ ಉಳಿಯದೆ ಚರಿತ್ರೆಯಾಗಿಬಿಡುತ್ತದೆ. ಇವು ಪಕ್ಷ ಹಿಡಿದ ಚಿತ್ರಗಳು, ಸರಕಾರಿ ವಾಹಿನಿ ಹಿಂಜರಿದದ್ದು ಸಹಜ ಎಂಬುದು ಇನ್ನೊಂದು ಆಕ್ಷೇಪ. ಪಕ್ಷ ಹಿಡಿದಿರುವುದು ನಿಜ, ಅದನ್ನು ಅವು ಮುಚ್ಚಿಟ್ಟೂ ಇಲ್ಲ. ಆದರೆ ಎದುರಾಳಿಗಳ ಮಾತನ್ನು ಅವರ ಬಾಯಿಂದಲೇ ಕೇಳಿಸುವ ಕ್ರಮ, ವರ್ಷಗಟ್ಟಲೆ ಒಂದೇ ವಿಷಯದ ಬೆನ್ನುಹತ್ತುವ ಪಟ್ಟು ಅವನ್ನು ಬರಿಯ ಪ್ರಚಾರದಿಂದ ಬೇರೆಯಾಗಿಸುತ್ತವೆ. 1997ರ ಜುಲೈಯಲ್ಲಿ ಘಾಟ್ಕೋಪರಿನ ರಮಾಬಾಯಿ ನಗರದಲ್ಲಿ ಪೊಲೀಸರ ಗುಂಡಿಗೆ ಹತ್ತು ದಲಿತರು ಬಲಿಯಾದರು. ‘ಹಮಾರಾ ಶಹರ್’ನಲ್ಲಿ ಹಾಡಿದ್ದ ಕವಿ ವಿಲಾಸ್ ಘೋಗ್ರೆ ಅದನ್ನು ತಾಳಲಾರದೆ ಜೀವ ಕಳೆದುಕೊಂಡರು. ಆ ಸಾವಿನಿಂದ ಹೊರಟ ‘ಜಯ್ ಭೀಮ್ ಕಾಮ್ರೇಡ್’ (2011) ಮುಗಿಯಲು ಹದಿನಾಲ್ಕು ವರ್ಷ ಬೇಕಾಯಿತು.

ತಡೆಯ ಬೆಲೆ ‘ರಾಮ್ ಕೇ ನಾಮ್’ನಲ್ಲಿ ಎಲ್ಲಕ್ಕಿಂತ ಸ್ಪಷ್ಟ. ಅಯೋಧ್ಯೆಯ ವಿವಾದಿತ ಸ್ಥಳದಲ್ಲಿ ನ್ಯಾಯಾಲಯ ನೇಮಿಸಿದ್ದ ಅರ್ಚಕ ಲಾಲ್‌ದಾಸ್, ರಾಮಮಂದಿರ ಚಳವಳಿಯ ಹಿಂದೆ ಹಣ ಮತ್ತು ಅಧಿಕಾರದ ಆಸೆಯಿದೆ ಎಂದು ಅದರಲ್ಲಿ ನೇರವಾಗಿ ಹೇಳುತ್ತಾರೆ. ಚಿತ್ರ ಸಿದ್ಧವಾದಾಗ ಬಾಬರಿ ಮಸೀದಿ ಇನ್ನೂ ನಿಂತಿತ್ತು. ಹೈಕೋರ್ಟಿನ ಆದೇಶದ ಮೇಲೆ 1997ರಲ್ಲಿ ಅದು ಪ್ರಸಾರವಾಗುವ ವೇಳೆಗೆ ಮಸೀದಿ ಉರುಳಿ ಸುಮಾರು ಐದು ವರ್ಷವಾಗಿತ್ತು. ಲಾಲ್‌ದಾಸ್ 1993ರಲ್ಲೇ ಕೊಲೆಯಾಗಿದ್ದರು.