ವೈರಸ್ ಎಂಬ ಹಮಾಲಿ

ಕೋವಿಶೀಲ್ಡ್ ಹಾಕಿಸಿಕೊಂಡವರೆಲ್ಲರ ತೋಳೊಳಗೆ ಚಿಂಪಾಂಜಿಯ ಒಂದು ವೈರಸ್ ಹೋಗಿದೆ. ಗಾಬರಿ ಬೇಡ, ಅದು ನಮ್ಮೊಳಗೆ ಬೆಳೆಯದಂತೆ ಮೊದಲೇ ಮಾಡಿ ಕಳಿಸಿದ್ದರು. ಕೊರೊನಾದ ಸ್ಪೈಕ್ ಪ್ರೋಟೀನಿನ ಜೀನನ್ನು ಹೊತ್ತು ತಂದು ಒಪ್ಪಿಸುವುದಷ್ಟೇ ಅದರ ಕೆಲಸ. ನಾನಿಲ್ಲಿ ಹೇಳಹೊರಟಿರೋದು ಇದಕ್ಕಿಂತ ವಿಚಿತ್ರವಾದ ಇನ್ನೊಂದು ಹಮಾಲಿಯ ಕಥೆ. ಇದು ಮನುಷ್ಯರ ತಂಟೆಗೇ ಬರದೆ, ಬರೀ ಬ್ಯಾಕ್ಟೀರಿಯಾಗಳ ಮೇಲೆ ಬೀಳುವ ವೈರಸ್. ಹೆಸರು ಬ್ಯಾಕ್ಟೀರಿಯೋಫೇಜ್. ಸಲುಗೆಯಿಂದ ಫೇಜ್ ಅನ್ನೋಣ.

ಫೇಜ್ ಮೊದಲು ಕೆಲಸಕ್ಕೆ ಸೇರಿದ್ದು ಹಮಾಲಿಯಾಗಿ ಅಲ್ಲ, ಕೊಲೆಗಾರನಾಗಿ. 1917ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಫೆಲಿಕ್ಸ್ ದೆರೆಲ್ ಅದಕ್ಕೆ ಹೆಸರಿಟ್ಟ. (ಎರಡು ವರ್ಷ ಮೊದಲೇ ಲಂಡನ್ನಿನ ಫ್ರೆಡರಿಕ್ ಟ್ವಾರ್ಟ್ ಇದನ್ನೇ ಕಂಡಿದ್ದ. ಯಾರು ಮೊದಲು ಅನ್ನೋ ಜಗಳ ಬಹಳ ಕಾಲ ನಡೀತು.) 1927ರಲ್ಲಿ ದೆರೆಲ್ ಭಾರತಕ್ಕೂ ಬಂದು ಪಂಜಾಬಿನಲ್ಲಿ ಕಾಲರಾ ರೋಗಿಗಳಿಗೆ ಫೇಜ್ ಕುಡಿಸಿದ. ಆಮೇಲೆ ಅಸ್ಸಾಮಿನಲ್ಲೂ ಪ್ರಯೋಗಗಳಾದವು. ಪೆನಿಸಿಲಿನ್ ಬಂದ ಮೇಲೆ ಬಹುತೇಕ ದೇಶಗಳು ಫೇಜನ್ನು ಮರೆತವು.

ಔಷಧಿಯಾಗಿ ಅದಕ್ಕೊಂದು ಹುಟ್ಟು ದೋಷವೂ ಇತ್ತು. 1921ರಲ್ಲೇ ಜೂಲ್ ಬೋರ್ದೆ ಮತ್ತು ಮಿಹಾಯ್ ಚುಕಾ ಇದನ್ನು ಗಮನಿಸಿದ್ದರು. ಪ್ರಾಣಿಗಳಿಗೆ ಫೇಜ್ ಚುಚ್ಚಿದರೆ ದೇಹ ಅದರ ವಿರುದ್ಧವೇ ಪ್ರತಿಕಾಯ ತಯಾರಿಸಿ ಅದನ್ನು ನಿಷ್ಕ್ರಿಯಗೊಳಿಸುತ್ತೆ. ರೋಗಾಣುವನ್ನು ಕೊಲ್ಲಲು ಕಳಿಸಿದ ಪೊಲೀಸನನ್ನು ಊರಿನವರೇ ಹಿಡಿದು ಕಟ್ಟಿಹಾಕಿದ ಹಾಗೆ.

ನನಗೆ ಈ ಇತಿಹಾಸದಲ್ಲಿ ಅತಿ ಹೆಚ್ಚು ಇಷ್ಟವಾಗೋದು ಇದರ ಮುಂದಿನ ತಿರುವು. ಫೇಜ್ ಗ್ರಂಥಗಳಲ್ಲಿ ಇದಕ್ಕೆ ಸಿಗಬೇಕಾದ ಜಾಗ ಸಿಕ್ಕಿಲ್ಲ ಅಂತಲೂ ನನ್ನ ತಕರಾರು. 1960-70ರ ದಶಕಗಳಲ್ಲಿ ಅಮೆರಿಕದ ವೈದ್ಯರು, ಮುಖ್ಯವಾಗಿ ಸಿಯಾಟಲ್‌ನವರು, ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಕಮ್ಮಿಯಿದ್ದವರ ರಕ್ತನಾಳಕ್ಕೆ ಫೈ-ಎಕ್ಸ್ 174 ಎಂಬ ಫೇಜನ್ನು ಕೊಡತೊಡಗಿದರು. ಗುಣಪಡಿಸೋಕಲ್ಲ, ಪರೀಕ್ಷೆ ಮಾಡೋಕೆ. ಮೊದಲ ಡೋಸಿಗೆ ಎಷ್ಟು ಪ್ರತಿಕಾಯ ಹುಟ್ಟಿತು? ಕೆಲ ವಾರ ಬಿಟ್ಟು ಎರಡನೇ ಡೋಸ್ ಕೊಟ್ಟರೆ ದೇಹಕ್ಕೆ ಹಳೆಯದು ನೆನಪಿದೆಯಾ? ಯಾವ ರೋಗವನ್ನೂ ತರದ, ದೇಹ ಖಂಡಿತ ಗುರುತಿಸುವ ವಸ್ತು ಅವರಿಗೆ ಬೇಕಿತ್ತು. ಔಷಧಿಗೆ ದೋಷವಾಗಿದ್ದೇ ಇಲ್ಲಿ ಅರ್ಹತೆಯಾಯಿತು. ಮನುಷ್ಯರಲ್ಲಿ ಫೇಜ್ ಸುರಕ್ಷಿತ ಅನ್ನೋ ನಂಬಿಕೆಗೆ ದಶಕಗಳ ಈ ಪರೀಕ್ಷೆಗಳೂ ಒಂದು ಆಧಾರ.

ಇನ್ನುಳಿದದ್ದು ಮೂಟೆ ಕಟ್ಟುವ ಕೆಲಸ. 1985ರಲ್ಲಿ ಮಿಸೌರಿ ವಿಶ್ವವಿದ್ಯಾಲಯದ ಜಾರ್ಜ್ ಸ್ಮಿತ್ ದಾರದಂಥ ಒಂದು ಫೇಜಿನ ಜೀನಿನೊಳಗೆ ಬೇರೆ ಜೀನಿನ ತುಂಡು ತುರುಕಿದರು. ಆ ತುಂಡಿನ ಪ್ರೋಟೀನು ಫೇಜಿನ ಮೈಮೇಲೆ ಬಂದು ಕೂತಿತು. 1988ರ ಹೊತ್ತಿಗೆ ಮಲೇರಿಯಾ ಪರಾವಲಂಬಿಯ ಪ್ರೋಟೀನ್ ತುಣುಕನ್ನೇ ಹೀಗೆ ಹೊರಿಸಿ, ಪ್ರಾಣಿಗಳಲ್ಲಿ ಅದರ ವಿರುದ್ಧ ಪ್ರತಿಕಾಯ ಹುಟ್ಟಿಸಿದ್ದೂ ಆಯಿತು. ಸ್ಮಿತ್‌ಗೆ 2018ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ನಮ್ಮ ಐಐಎಸ್‌ಸಿಯಲ್ಲಿ ಪಿಎಚ್.ಡಿ. ಮಾಡಿ ಅಮೆರಿಕಕ್ಕೆ ಹೋದ ವೆನಿಗಲ್ಲ ರಾವ್ ಆರಿಸಿಕೊಂಡದ್ದು ಟಿ4 ಎಂಬ ದೊಡ್ಡ ಫೇಜ್. ದೊಡ್ಡದು ಅಂದರೂ ಅದರ ತಲೆ ಸುಮಾರು 120 ನ್ಯಾನೋಮೀಟರ್ ಉದ್ದ, ಅಷ್ಟೇ. ಆ ತಲೆಯ ಮೇಲೆ ಸಾಕ್ ಅನ್ನೋ ಪ್ರೋಟೀನಿನ 870 ಪ್ರತಿ, ಹಾಕ್ ಅನ್ನೋದರ 155 ಪ್ರತಿ ಇರುತ್ತವೆ. ಇವಿಲ್ಲದಿದ್ದರೂ ಫೇಜ್ ಬದುಕುತ್ತೆ. ಹಾಗಾಗಿ ಇವನ್ನೇ ಕೊಕ್ಕೆ ಮಾಡಿಕೊಂಡು ಲಸಿಕೆಯ ಪ್ರೋಟೀನು ನೇತುಹಾಕಬಹುದು. ಒಂದೇ ಆಕಾರ ಸಾಲುಸಾಲಾಗಿ, ಒತ್ತೊತ್ತಾಗಿ ಕಂಡರೆ ನಮ್ಮ ಬಿ ಕೋಶಗಳು ಸಟ್ಟನೆ ಎಚ್ಚರವಾಗುತ್ತವೆ, ಯಾಕಂದರೆ ನಿಜವಾದ ವೈರಸ್ಸುಗಳ ಮೈ ಇರೋದೇ ಹಾಗೆ. 2018ರಲ್ಲಿ ರಾವ್ ತಂಡ ಪ್ಲೇಗು ಮತ್ತು ಆಂಥ್ರಾಕ್ಸ್ ಎರಡರ ಪ್ರೋಟೀನನ್ನೂ ಒಂದೇ ಟಿ4 ಮೇಲೆ ಹೊರಿಸಿ ಪ್ರಾಣಿಗಳಲ್ಲಿ ರಕ್ಷಣೆ ತೋರಿಸಿತು.

ಪ್ರಾಣಿಗಳಲ್ಲಿ, ಅಷ್ಟೇ. ಮನುಷ್ಯರ ವಿಷಯಕ್ಕೆ ಬಂದರೆ ನಾನು ಸ್ವಲ್ಪ ತಣ್ಣಗಾಗ್ತೀನಿ. ಸ್ವಿಟ್ಜರ್ಲೆಂಡಿನ ಸೈಟಾಸ್ ಕಂಪನಿ ಕ್ಯೂಬೀಟಾ ಎಂಬ ಪುಟ್ಟ ಫೇಜಿನ ಖಾಲಿ ಚಿಪ್ಪಿಗೆ ನಿಕೋಟಿನ್ ಅಂಟಿಸಿ ಸಿಗರೇಟ್ ಬಿಡಿಸುವ ಲಸಿಕೆ ಮಾಡಿತ್ತು. ಮೊದಲ ಸುತ್ತಿನಲ್ಲಿ ಹೆಚ್ಚು ಪ್ರತಿಕಾಯ ಹುಟ್ಟಿದವರು ಸಿಗರೇಟ್ ಬಿಟ್ಟದ್ದೂ ಹೆಚ್ಚು. 2009ರ ಮುಂದಿನ ಪ್ರಯೋಗದಲ್ಲಿ ಅದು ಸೋತಿತು. ಫೇಜ್ ಬೆನ್ನಿಗೆ ಕಟ್ಟಿದ ಯಾವ ಲಸಿಕೆಗೂ ನಾನಿದನ್ನು ಬರೆಯುವ ಹೊತ್ತಿಗೆ ಮನುಷ್ಯರ ಮಾರುಕಟ್ಟೆಯಲ್ಲಿ ಪರವಾನಗಿ ಇಲ್ಲ.

ಆದರೆ ಅದೇ ಕ್ಯೂಬೀಟಾ ಚಿಪ್ಪು ಕ್ಯಾನ್ಸರ್ ಚಿಕಿತ್ಸೆಯಲ್ಲಿ ಮತ್ತೆ ತಲೆಯೆತ್ತಿತು. ಚಿಪ್ಪಿನೊಳಗೆ ರೋಗನಿರೋಧಕ ಕೋಶಗಳನ್ನು ಕೆರಳಿಸುವ ಡಿಎನ್ಎ ತುಣುಕು ತುಂಬಿ, ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಗಡ್ಡೆಗೇ ಚುಚ್ಚುವುದು. ಬೇರೆ ಇಮ್ಯುನೋಥೆರಪಿ ಕೆಲಸ ಮಾಡದ ಕೆಲವರಲ್ಲೂ, ಆ ಔಷಧಿಯ ಜೊತೆಗೇ ಇದನ್ನು ಕೊಟ್ಟಾಗ ಗಡ್ಡೆ ಕುಗ್ಗಿತು. ಮಜಾ ಏನು ಗೊತ್ತಾ? ಒಳಗಿನ ಸರಕು ಸರಿಯಾದ ಕೋಶ ಸೇರಬೇಕಾದರೆ ಚಿಪ್ಪಿನ ವಿರುದ್ಧ ಪ್ರತಿಕಾಯ ಹುಟ್ಟಲೇಬೇಕು. ಆ ಪ್ರತಿಕಾಯ ಅಂಟಿಕೊಂಡ ಚಿಪ್ಪನ್ನೇ ಆ ಕೋಶಗಳು ನುಂಗೋದು. ಅದಕ್ಕೇ ಮೊದಲ ಡೋಸನ್ನು ಚರ್ಮದಡಿಗೂ ಕೊಟ್ಟು, ದೇಹಕ್ಕೆ ಹಮಾಲಿಯ ಮುಖಪರಿಚಯ ಮಾಡಿಸ್ತಿದ್ದರು.